ಗಂಟು ಹಾಕಬಾರದ ಹೊಲಿಗೆ

ಪರ್ರ್.

ಬೆಳಿಗ್ಗೆ ಒಂಬತ್ತಕ್ಕೆ ಆ ಸದ್ದು ಕೇಳಿಸಿತೆಂದರೆ ಟೇಲರಣ್ಣ ಕೆಲಸಕ್ಕೆ ಕೂತನೆಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ಬಟ್ಟೆಯ ಅಂಚಿಗೆ ಕತ್ತರಿಯಿಂದ ಒಂದು ಚಿಕ್ಕ ಕಚ್ಚು ಕೊಟ್ಟು, ಆಚೀಚೆ ಎರಡೂ ಕೈಯಲ್ಲಿ ಹಿಡಿದು, ಒಂದೇ ಎಳೆತಕ್ಕೆ ಸೀಳುವುದು ಅವನ ರೂಢಿ. ಕತ್ತರಿ ಕೈ ವಾಲಿದತ್ತ ವಾಲುತ್ತದೆ, ಸೀಳು ಮಾತ್ರ ನೂಲಿನ ದಾರಿ ಬಿಟ್ಟು ಹೋಗುವುದಿಲ್ಲ ಎಂದು ಅವನಿಗೆ ಕೆಲಸ ಕಲಿಸಿದ ದೊಡ್ಡ ಮಾಸ್ಟರ್ ಹೇಳಿಕೊಟ್ಟಿದ್ದರು. ಹೊಸ ಗಿರಾಕಿಗಳು ತಮ್ಮ ಒಳ್ಳೆಯ ಬಟ್ಟೆ ಹೀಗೆ ಪರ್ರೆನ್ನುವುದನ್ನು ಕೇಳಿ ಎದೆ ಹಿಡಿದುಕೊಳ್ಳುತ್ತಿದ್ದರು. ಹಳಬರು ಅವರ ಮುಖ ನೋಡಿ ನಗುತ್ತಿದ್ದರು.

ದೊಡ್ಡ ಮಾಸ್ಟರ್ ಹತ್ತಿರ ಅವನು ಕಲಿತದ್ದು ಆರು ವರ್ಷ. ಮೊದಲ ವರ್ಷವಿಡೀ ಮಷೀನು ಮುಟ್ಟಲು ಬಿಡದೆ ಬರೀ ಟಾಕಾ ಹಾಕಿಸಿದರು. ಮಷೀನಿಗೆ ಕೊಡುವ ಮುಂಚೆ ಎರಡು ಪದರವನ್ನು ಒಂದರ ಮೇಲೊಂದು ನಿಲ್ಲಿಸಲು ಬಿಳಿ ನೂಲಿನಲ್ಲಿ ಉದ್ದುದ್ದಕ್ಕೆ ಹಾಕುವ ಕಚ್ಚಾ ಹೊಲಿಗೆ ಅದು. ಅಸಲು ಹೊಲಿಗೆ ಬಿದ್ದ ಮೇಲೆ ಎಳೆದು ಬಿಸಾಡುವಂಥದ್ದು. ಅದಕ್ಕಿದ್ದ ನಿಯಮ ಒಂದೇ: ಕೊನೆಯಲ್ಲಿ ಗಂಟು ಹಾಕಬಾರದು. ಮಾಸ್ಟರ್ ಬಂದು ನೂಲಿನ ತುದಿ ಹಿಡಿದು ಎಳೆಯುತ್ತಿದ್ದರು. ಸರ್ರನೆ ಕೈಗೆ ಬಂದರೆ ಏನೂ ಹೇಳದೆ ಮುಂದೆ ಹೋಗುತ್ತಿದ್ದರು. ಸಿಕ್ಕಿಕೊಂಡರೆ ಆ ಕೋಟನ್ನು ಹೊಲಿದವನ ತಲೆಯ ಮೇಲೆಯೇ ಎಸೆಯುತ್ತಿದ್ದರು.

"ಟಾಕಾ ಅಂದ್ರೆ ಅಪ್ಪಣೆ ಕೊಡೋದಲ್ಲ ಕಣಯ್ಯಾ. ಬಟ್ಟೆನ ಕೇಳ್ಕೊಳ್ಳೋದು, ಸ್ವಲ್ಪ ಹೊತ್ತು ಹೀಗಿರ್ತೀಯಾ ಅಂತ. ಒಲ್ಲೆ ಅಂದ್ರೆ ಬಿಟ್ಟು ಬರ್ಬೇಕು."

ಇಪ್ಪತ್ತೆರಡು ವರ್ಷದ ಮೇಲೂ ತನ್ನ ಕೈ ಆ ಮಾತನ್ನು ಮರೆತಿಲ್ಲವೆಂದು ಅವನು ನಂಬಿಕೊಂಡಿದ್ದ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಮಷೀನು, ಗೋಡೆಗೆ ಒತ್ತಿಕೊಂಡು ಬಟ್ಟೆ ಕತ್ತರಿಸುವ ಮೇಜು, ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಮರೆತು ಇಟ್ಟ ಮೂರು ಕಂದು ಗುರುತು. ಅದರ ಹಿಂದೆ ಮಲಗುವ ಕೋಣೆ, ಕೊನೆಗೆ ಅಡುಗೆಮನೆ. ಅಂಗಡಿಗೂ ಮಲಗುವ ಕೋಣೆಗೂ ನಡುವೆ ಬಾಗಿಲಿಲ್ಲ. ಗಿರಾಕಿಗಳು ಬೇಡವೆಂದು ಬಿಟ್ಟ ತುಂಡುಗಳನ್ನು ಜೋಡಿಸಿ ಅವನೇ ಹೊಲಿದ ಪರದೆ ಇತ್ತು. ತುಂಡುಗಳು ಮುಗಿದುಹೋಗಿ ಆ ಪರದೆ ನೆಲಕ್ಕಿಂತ ಒಂದು ಗೇಣು ಮೇಲೆಯೇ ನಿಂತುಬಿಟ್ಟಿತ್ತು.

"ಊರವರಿಗೆಲ್ಲ ಅಳತೆ ತಪ್ಪದ ಹಾಗೆ ಹೊಲೀತಾರೆ, ಮನೆ ಪರದೆಗೆ ಮಾತ್ರ ಮೋಟು ಲಂಗ," ಎಂದು ಹೆಂಡತಿ ವರ್ಷಗಟ್ಟಲೆ ಆಡಿಕೊಂಡಿದ್ದಳು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೀದಿಯವರ ಬಾಯಲ್ಲಿ ಅವಳು 'ಸಿಸ್ಟರ್'. ಗಂಡ ಅಣ್ಣ, ಹೆಂಡತಿ ಸಿಸ್ಟರ್; ಈ ಜನ ಸೇರಿ ನಮ್ಮಿಬ್ಬರ ಮದುವೆಯನ್ನೇ ರದ್ದು ಮಾಡಿದರು ಎಂದು ಅವನು ನಗುತ್ತಿದ್ದ. ಅವಳದು ಮಧ್ಯಾಹ್ನದ ಪಾಳಿ. ಎರಡು ಗಂಟೆಗೆ ಹೊರಟರೆ ಮನೆ ಸೇರುವುದು ರಾತ್ರಿ ಹತ್ತಕ್ಕೆ. ಹಾಗಾಗಿ ಮಗಳಿಗೆ ಉಣ್ಣಿಸಿ ಮಲಗಿಸುವ ಕೆಲಸ ಅವನ ಪಾಲಿಗೆ ಬಂದಿತ್ತು.

ಮಗಳಿಗೆ ಐದು ವರ್ಷ. ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು, ಮಿಕ್ಕ ಕಡೆಯೆಲ್ಲ ಅವಳು ಬಾಬಿನ್. ಮಷೀನಿನ ಹೊಟ್ಟೆಯೊಳಗೆ ಕೂತು ಗಿರಗಿರನೆ ತಿರುಗುವ, ನೂಲು ಸುತ್ತಿದ ಪುಟ್ಟ ಗಾಲಿಯ ಹೆಸರು ಅದು. ನಡೆಯಲು ಕಲಿತ ದಿನದಿಂದ ಅವಳು ಹಾಗೆಯೇ ತಿರುಗುತ್ತಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಬಂದವರೆಲ್ಲ ಅನ್ನುವರು. ರಾತ್ರಿ ಎಂಟಾದರೆ ಆ ಚಕ್ರ ಇನ್ನೂ ಜೋರಾಗುತ್ತಿತ್ತು.

ಮಲಗುವ ಮುಂಚೆ ಒಂದು ಶಾಸ್ತ್ರ ನಡೆಯಬೇಕಿತ್ತು. ಮಂಚಕ್ಕೆ ಬೆನ್ನು ಕೊಟ್ಟು, ಹಿಮ್ಮಡಿ ಜೋಡಿಸಿ, ಗದ್ದ ಎತ್ತಿ ನಿಲ್ಲುತ್ತಿದ್ದಳು. ಅವನು ಕೊರಳಲ್ಲಿದ್ದ ಟೇಪು ತೆಗೆದು ನೆತ್ತಿಯಿಂದ ಪಾದದವರೆಗೆ ಅಳೆಯಬೇಕು.

"ನಿನ್ನೆಗಿಂತ ಬೆಳೆದಿದೀನಾ ಅಪ್ಪಾ?"

"ಬೆಳೆದಿದೀಯ. ಒಂದು ನೂಲಿನಷ್ಟು."

"ದಪ್ಪ ನೂಲಾ, ಸಣ್ಣ ನೂಲಾ?"

"ಗುಂಡಿ ಹಾಕೋ ದಪ್ಪ ನೂಲು."

ಆಗ ಸಮಾಧಾನ. ಮೊದಲೆಲ್ಲ ಅವನೂ ಪಕ್ಕದಲ್ಲಿ ಒರಗುತ್ತಿದ್ದ, ಅವಳು ಅವನ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹೊಸೆಯುತ್ತ ಹೊಸೆಯುತ್ತ ನಿದ್ದೆಗೆ ಜಾರುತ್ತಿದ್ದಳು. ಅದನ್ನು ಬಿಡಿಸಿದ್ದು ಹೆಂಡತಿ.

"ಶಾಲೆಗೆ ಹೋಗೋ ಮಗು, ಒಬ್ಬಳೇ ಮಲಗೋದು ಕಲೀಲಿ ರೀ. ಅವಳನ್ನ ಮಲಗಿಸ್ತೀನಿ ಅಂತ ಹೋಗಿ ನೀವೇ ಮೊದಲು ಗೊರಕೆ ಹೊಡೀತೀರಿ. ನಾನು ಬರೋ ಹೊತ್ತಿಗೆ ಅವಳು ಕೂತ್ಕೊಂಡು ನಿಮ್ಮ ಮೀಸೆ ಎಣಿಸ್ತಿರ್ತಾಳೆ."

ಮಾತು ನಿಜವೇ ಆಗಿತ್ತು. ಅಂದಿನಿಂದ ಅಳತೆ ಮುಗಿದ ಮೇಲೆ ದೀಪ ಆರಿಸಿ ಅವನು ಮಷೀನಿಗೆ ಬರುವುದು, ಮಷೀನಿನ ಸದ್ದು ಕೇಳುತ್ತ ಅವಳು ಒಬ್ಬಳೇ ಮಲಗುವುದು ಎಂದಾಯಿತು. ಮಂಚದ ಒಂದು ಕಾಲು ಗಿಡ್ಡ. ಅದರಡಿಗೆ ಮಡಿಸಿಟ್ಟ ರಟ್ಟು ಆಗಾಗ ಜಾರಿಹೋಗಿ, ಅವಳು ಇಳಿದಾಗೆಲ್ಲ ಮಂಚ ಟಕ್ಕೆನ್ನುತ್ತಿತ್ತು. ಅವನು ಹತ್ತು ಹೊಲಿಗೆ ಹಾಕುವಷ್ಟರಲ್ಲಿ ಟಕ್. ಪರದೆಯ ಕೆಳಗೆ ಎರಡು ಪಾದ.

"ಅಪ್ಪಾ, ನೀರು."

ಟಕ್. "ಅಪ್ಪಾ, ಕುಡಿದ ನೀರು ಬಂತು."

ಟಕ್. "ಅಪ್ಪಾ, ಕಾಲು ಕಡೀತಿದೆ. ಈ ಕಾಲಲ್ಲ. ಆ ಕಾಲು."

ಹೀಗೆ ದಿನವೂ ಐದಾರು ಸಲ. ಅವನು ಒಂದು ಸಲ ನಕ್ಕು, ಎರಡು ಸಲ ಗದರಿ, ಮಿಕ್ಕ ಸಲ ಎತ್ತಿಕೊಂಡು ಹೋಗಿ ಮಲಗಿಸಿ ಬರುತ್ತಿದ್ದ.

ಅದೆಲ್ಲ ಮೂರು ವಾರದ ಹಿಂದಿನ ಮಾತು. ಈಗ ಬಾಬಿನ್ ಎಂಟೂವರೆಗೆ ತಾನಾಗಿಯೇ ಹೋಗಿ ಮಲಗುತ್ತಾಳೆ. ಒಂದು ಸಲವೂ ಇಳಿದು ಬರುವುದಿಲ್ಲ. ಇದು ಹೇಗಾಯಿತೆಂದು ಗೊತ್ತಿದ್ದದ್ದು ಇಬ್ಬರಿಗೆ, ಅವನಿಗೆ ಮತ್ತು ಮಗಳಿಗೆ.

ಮೂರು ವಾರದ ಹಿಂದೆ ಶಾಲೆಯೊಂದರ ಬ್ಯಾಂಡಿನ ಮಕ್ಕಳಿಗೆ ಹನ್ನೊಂದು ಕೋಟು ಹೊಲಿಯಲು ಬಂದಿದ್ದವು. ಮಾರನೆಯ ಬೆಳಿಗ್ಗೆ ಎಂಟಕ್ಕೆ ಕೊಡಬೇಕು. ರಾತ್ರಿ ಎಂಟೂವರೆಯಾದರೂ ನಾಲ್ಕು ಕೋಟಿನ ಕಾಲರ್ ಬಾಕಿ. ಕೆಂಪು ಬಟ್ಟೆ ನೋಡಿ ನೋಡಿ ಕಣ್ಣು ಉರಿಯುತ್ತಿತ್ತು. ಅಂದೇ ಬಾಬಿನ್‌ಗೆ ಎಲ್ಲಿಲ್ಲದ ಹುರುಪು. ನೀರಿಗೆ ಬಂದಳು, ಉಚ್ಚೆಗೆ ಬಂದಳು, ಬಾಗಿಲು ಹಾಕಿದೆಯೋ ಇಲ್ಲವೋ ನೋಡಲು ಬಂದಳು, ನಾಳೆ ಯಾವ ವಾರವೆಂದು ಕೇಳಲು ಬಂದಳು. ಎಂಟನೆಯ ಸಲ ಚಿಂದಿಬಟ್ಟೆಯ ಗೊಂಬೆಯನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಳು.

"ನನಗಲ್ಲ ಅಪ್ಪಾ. ಇವಳಿಗೆ ನಿದ್ದೆ ಬರ್ತಿಲ್ಲ."

ಅವನ ಕೈಯಲ್ಲಿ ಆಗ ನೂಲು ಪೋಣಿಸಿದ ಸೂಜಿ ಇತ್ತು. ಸೂಜಿ ಹಿಡಿದೇ ಎದ್ದ. ಮಗಳನ್ನು ಎತ್ತಿಕೊಂಡು ಹೋಗಿ ಮಂಚದ ಮೇಲೆ ಮಲಗಿಸಿದ.

"ಈಗ ನೀನು ಕೋಟು. ಗೊತ್ತಾಯ್ತಾ?" ಎಂದ. ಧ್ವನಿಯಲ್ಲಿ ನಗುವಿತ್ತು. ನಗುವಿರುವಂತೆ ಅವನೇ ನೋಡಿಕೊಂಡಿದ್ದ. "ಕೋಟಿಗೆ ಮೊದಲು ಏನು ಹಾಕ್ತೀನಿ?"

"ಟಾಕಾ," ಎಂದಳು ಬಾಬಿನ್, ಕಣ್ಣರಳಿಸಿ.

ಅವಳ ಫ್ರಾಕಿನ ಕೆಳ ಅಂಚನ್ನು ಹಾಸಿಗೆಯ ಮೇಲ್ಹೊದಿಕೆಗೆ ಸೇರಿಸಿ ಟಾಕಾ ಹಾಕಿದ. ಆರು ಹೊಲಿಗೆ. ಸೂಜಿ ಒಳಗೆ ಹೊರಗೆ ಹೋಗುವಾಗೆಲ್ಲ ಅವಳು ಕಚಗುಳಿಯಾದವಳಂತೆ ಕಿಸಿಕಿಸಿ ನಕ್ಕಳು. ತುದಿಯ ನೂಲನ್ನು ಅವನು ಹಲ್ಲಿನಲ್ಲಿ ಕಡಿದ.

"ಟಾಕಾ ಹಾಕಿದ ಕೋಟು ಅಲ್ಲಾಡಬಾರ್ದು. ಬಿಚ್ಚಿದ್ರೆ ಫ್ರಾಕು ಕೆಟ್ಟುಹೋಗುತ್ತೆ. ಹೊಲಿಗೆ ಮುಗಿದ ಮೇಲೆ ನಾನೇ ಬಂದು ಬಿಚ್ತೀನಿ."

ಹತ್ತು ನಿಮಿಷದಲ್ಲಿ ನಿದ್ದೆ ಹತ್ತುತ್ತದೆ, ಹೋಗಿ ಎಳೆದುಬಿಡುವುದು ಎಂದು ಅವನ ಎಣಿಕೆ. ಮಷೀನಿಗೆ ಕೂತ. ಮೊದಲ ಕಾಲರ್ ಸುಖವಾಗಿ ಕೂತಿತು. ಎರಡನೆಯದರ ನಡುವೆ ಒಳಗಿನಿಂದ ಕೇಳಿಸಿತು.

"ಅಪ್ಪಾ, ಆಯ್ತಾ?"

"ಇನ್ನೂ ಇಲ್ಲ. ಕಣ್ಣು ಮುಚ್ಕೋ."

ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಅಪ್ಪಾ, ಆಯ್ತಾ?" ಅವನು ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟರೆ ಮಾತಿಗೆ ಮಾತು ಬೆಳೆಯುತ್ತದೆ. ಮೂರನೆಯ ಸಲ ಬರೀ "ಅಪ್ಪಾ" ಎಂದಷ್ಟೇ ಬಂತು. ಸಣ್ಣ ದನಿ. ಅದರಲ್ಲಿ ಆಟ ಇರಲಿಲ್ಲ. ಆಗ ಅವನ ಕಾಲುಗಳು ತುಳಿಯುವುದನ್ನು ಜೋರು ಮಾಡಿದವು. ಕಟಕಟ ಸದ್ದು ಕೋಣೆಯನ್ನು ತುಂಬಿತು. ಬಟ್ಟೆಗೆ ಅಷ್ಟು ವೇಗ ಬೇಕಿರಲಿಲ್ಲ.

ನಾಲ್ಕನೆಯ ಕಾಲರ್ ಮುಗಿಸಿ ಗಡಿಯಾರ ನೋಡಿದರೆ ಒಂಬತ್ತೂವರೆ ಸಮೀಪಿಸಿತ್ತು. ಒಳಗೆ ಹೋಗಿ ದೀಪ ಹಾಕಿದ. ಬಾಬಿನ್ ಎಚ್ಚರವಾಗಿಯೇ ಇದ್ದಳು. ಎರಡೂ ಕೈ ಪಕ್ಕಕ್ಕೆ ಚಾಚಿ, ಕಾಲು ಜೋಡಿಸಿ, ಬಣ್ಣದ ಕಾಗದದಿಂದ ಕತ್ತರಿಸಿಟ್ಟವಳಂತೆ ಮಲಗಿದ್ದಳು. ಅವಳ ಕೆಳಗೆ ಹಾಸಿಗೆ ಒದ್ದೆಯಾಗಿತ್ತು. ಅಳುತ್ತಿರಲಿಲ್ಲ. ಅತ್ತು ಮುಗಿದ ಗುರುತು ಕಣ್ಣಿಂದ ಕಿವಿಯವರೆಗೆ ಎರಡು ಗೆರೆಯಾಗಿ ಒಣಗಿತ್ತು.

"ಕೋಟು ಕೆಟ್ಟುಹೋಯ್ತಾ ಅಪ್ಪಾ?" ಎಂದು ಕೇಳಿದಳು.

ಅವನು ಕತ್ತರಿ ತಂದು ಆರೂ ಹೊಲಿಗೆಯನ್ನು ಕತ್ತರಿಸಿದ. ಮಗಳಿಗೆ ಮೈ ತೊಳೆದ, ಬೇರೆ ಫ್ರಾಕು ಹಾಕಿದ, ಒದ್ದೆ ಫ್ರಾಕನ್ನು ಬಕೆಟ್ಟಿಗೆ ಅದ್ದಿ ಹಿಂಡಿದ, ಮೇಲ್ಹೊದಿಕೆ ಒಗೆದು ಹಾಕಿದ. ಹತ್ತಕ್ಕೆ ಹೆಂಡತಿ ಬಂದು ಒದ್ದೆ ಬಟ್ಟೆ ನೋಡಿ ಹುಬ್ಬು ಹಾರಿಸಿದಾಗ "ನೀರು ಚೆಲ್ತು" ಎಂದ. ಬೆಳಿಗ್ಗೆ ಅವಳು ತಲೆ ಬಾಚುತ್ತ ಮಗಳನ್ನು "ಏನೇ, ಹಾಸಿಗೆ ಮೇಲೆ ನೀರು ಚೆಲ್ಲಿದ್ಯಾ?" ಎಂದು ಕೇಳಿದಳು. ಬಾಬಿನ್ ಅಪ್ಪನ ಮುಖ ನೋಡಿದಳು.

"ಹ್ಞೂಂ. ನೀರು," ಎಂದಳು.

ಅವನಿಗೆ ಒಗ್ಗದೆ ಹೋದದ್ದು ಅಲ್ಲಿಂದಲೇ. ತಾನು ಸುಳ್ಳು ಹೇಳಿದ್ದನ್ನು ಹೇಗೋ ಜೀರ್ಣಿಸಿಕೊಳ್ಳಬಹುದಿತ್ತು. ಐದು ವರ್ಷದ ಮಗು ತನ್ನ ಸುಳ್ಳಿಗೆ ಹೆಗಲು ಕೊಟ್ಟದ್ದನ್ನಲ್ಲ.

ಅಂದು ರಾತ್ರಿ ಅವಳು ಅಳತೆಗೆ ನಿಲ್ಲಲಿಲ್ಲ. ನೇರ ಹೋಗಿ ಮಲಗಿ, ಫ್ರಾಕನ್ನು ಕಾಲಿನವರೆಗೆ ಎಳೆದುಕೊಂಡು, ಕೈ ಪಕ್ಕಕ್ಕೆ ಚಾಚಿ ಕಣ್ಣು ಮುಚ್ಚಿದಳು. ಅವನು ಮಷೀನಿಗೆ ಕೂತು ಕಿವಿ ನೆಟ್ಟಗೆ ಮಾಡಿಕೊಂಡು ಕಾದ. ಮಂಚ ಟಕ್ಕೆನ್ನಲಿಲ್ಲ. ಮರುದಿನವೂ ಇಲ್ಲ. ಒಮ್ಮೆ ಅವನೇ ನೀರಿನ ಲೋಟ ಹಿಡಿದು ಪರದೆ ಸರಿಸಿ "ನೀರು ಬೇಕಾ ಕಂದ?" ಎಂದು ಕೇಳಿದ. "ಬೇಡ," ಎಂದಳು ಕಣ್ಣು ತೆರೆಯದೆ. ಆ ಲೋಟದ ನೀರನ್ನು ಅವನೇ ನಿಂತು ಕುಡಿದ.

ಹೆಂಡತಿಗೆ ಹಿಗ್ಗು. "ನಾನು ಹೇಳಿರ್ಲಿಲ್ವಾ? ಗಟ್ಟಿಯಾಗಿ ಎರಡು ದಿನ ಇದ್ರೆ ಸಾಕು, ಮಕ್ಕಳು ತಾನಾಗೇ ಕಲೀತಾರೆ," ಎಂದಳು. ವಾರ್ಡಿನಲ್ಲೆಲ್ಲ ಹೇಳಿಕೊಂಡು ಬಂದಳು. ಅಲ್ಲಿಂದ ಸುದ್ದಿ ಬೀದಿಗೆ ಬಂತು. ಹೆಂಗಸರು ರವಿಕೆಗೆ ಅಳತೆ ಕೊಡಲು ಬಂದವರು ಟೇಪಿನೊಳಗೆ ನಿಂತುಕೊಂಡೇ ಕೇಳುವರು, "ಟೇಲರಣ್ಣಾ, ಅದೇನು ಮಾಡಿದ್ರಿ ಹೇಳಿ." ಅವನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ತಲೆ ಅಲ್ಲಾಡಿಸುವನು. ಬಾಯಲ್ಲಿ ಸೂಜಿ ಇದ್ದವನನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ.

ತನ್ನೊಳಗೆ ಅವನು ಒಂದೇ ವಾದವನ್ನು ಮತ್ತೆ ಮತ್ತೆ ಹೂಡುತ್ತಿದ್ದ. ಅದು ಟಾಕಾ ತಾನೇ. ಒಂದು ಸಲ ಎಳೆದಿದ್ದರೆ ಸರ್ರನೆ ಬಿಟ್ಟು ಬರುತ್ತಿತ್ತು. ಮಗು ಎಳೆಯಲಿಲ್ಲ, ಮಾತಿಗೆ ಬೆಲೆ ಕೊಟ್ಟು ಮಲಗಿತ್ತು. ಕಟ್ಟಿಹಾಕಿದವನೇನೂ ನಾನಲ್ಲ. ಬೆಳಿಗ್ಗೆ ಬಟ್ಟೆ ಸೀಳುವಾಗ ಈ ವಾದ ನಿಲ್ಲುತ್ತಿತ್ತು, ಸಂಜೆ ದೀಪ ಹಾಕುವ ಹೊತ್ತಿಗೆ ಕುಸಿಯುತ್ತಿತ್ತು. ಆದರೂ ಅದೊಂದನ್ನೇ ನೆಚ್ಚಿಕೊಂಡು ಮೂರು ವಾರ ದೂಡಿದ.

ಹೆಂಡತಿಯ ವಾರದ ರಜೆ ಬಂತು. ಮಧ್ಯಾಹ್ನ ಅವಳು ತರಕಾರಿಗೆ ಹೋಗಿದ್ದಳು. ಬಾಬಿನ್ ಮೇಜಿನ ಕೆಳಗೆ ಕೂತು ಗುಂಡಿಯ ಡಬ್ಬ ಸುರುವಿಕೊಂಡು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದಳು. ಅವನು ಒಂದು ತೋಳಿಗೆ ಟಾಕಾ ಹಾಕಿ ಮುಗಿಸಿದವನು, ಏನನ್ನಿಸಿತೋ, ಬಗ್ಗಿ ಅದನ್ನು ಅವಳ ಮುಂದೆ ಹಿಡಿದ.

"ಬಾಬಿನ್, ಈ ನೂಲು ಎಳಿ ನೋಡೋಣ."

ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡಳು. "ಎಳೀಬಾರ್ದು. ಕೆಟ್ಟುಹೋಗುತ್ತೆ."

"ಇಲ್ಲ ಕಂದ. ಇದು ಎಳೆಯೋಕೇ ಅಂತ ಇರೋದು. ಅಪ್ಪ ಅವತ್ತು ತಪ್ಪು ಹೇಳಿಬಿಟ್ಟೆ. ಎಳಿ."

ಬಹಳ ಹೊತ್ತು ನೂಲನ್ನೇ ನೋಡಿದಳು. ಆಮೇಲೆ ಬಿಸಿ ಪಾತ್ರೆ ಮುಟ್ಟುವವಳಂತೆ ಎರಡು ಬೆರಳಲ್ಲಿ ಹಿಡಿದು ಎಳೆದಳು. ಸರ್ರನೆ ಉದ್ದಕ್ಕೂ ಬಿಚ್ಚಿಕೊಂಡು ಬಂತು. ಕೈಯಲ್ಲಿ ಸುರುಳಿಯಾದ ನೂಲನ್ನು ಅವಳು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ಬಂತು," ಎಂದಳು.

"ನೋಡಿದ್ಯಾ? ಟಾಕಾ ಅಂದ್ರೆ ಹೀಗೇ, ಎಳೆದ್ರೆ ಬಂದ್ಬಿಡುತ್ತೆ."

"ಅವತ್ತಿಂದು ಬರ್ಲಿಲ್ಲ."

ಅವನ ಕೈ ಗಾಳಿಯಲ್ಲೇ ನಿಂತಿತು. "ಅವತ್ತು ಎಳೆದ್ಯಾ ನೀನು?"

"ಉಚ್ಚೆ ಬಂದಿತ್ತಲ್ಲ. ಎರಡು ಕೈಯಲ್ಲೂ ಎಳೆದೆ. ಬರ್ಲಿಲ್ಲ. ನಿನ್ನ ಕರೆದೆ." ಹೇಳಿ ಅವಳು ಮತ್ತೆ ಗುಂಡಿಗಳ ಕಡೆ ತಿರುಗಿದಳು. "ಅಪ್ಪಾ, ಈ ಗುಂಡಿಗೆ ಮೂರೇ ತೂತು. ಒಂದು ಒಡೆದುಹೋಗಿದೆ."

ಅವನು ಒಳಗೆ ಹೋಗಿ ಕಪಾಟಿನ ಎಲ್ಲಕ್ಕಿಂತ ಕೆಳಗಿನ ಮಡಿಕೆಯಿಂದ ಆ ಫ್ರಾಕು ಎಳೆದ. ಒಣಗಿದ ದಿನವೇ ಕಣ್ಣಿಗೆ ಬೀಳದಿರಲೆಂದು ಅಲ್ಲಿ ತುರುಕಿದ್ದ. ಕಿಟಕಿಯ ಬೆಳಕಿಗೆ ಅಂಚು ಹಿಡಿದು ನೋಡಿದ. ಕತ್ತರಿಸಿದ ಬಿಳಿ ನೂಲಿನ ಚೂರುಗಳು ಇನ್ನೂ ಅಲ್ಲಲ್ಲಿ ಇದ್ದವು. ಕೊನೆಯ ಚೂರಿನ ತುದಿಯಲ್ಲಿ ಗಂಟು. ಅಂತಿಂಥ ಗಂಟಲ್ಲ, ಮೂರು ಸುತ್ತು ಸುತ್ತಿ ಒಳಕ್ಕೆ ಎಳೆದದ್ದು. ಕೋಟಿನ ಗುಂಡಿಗೆ ಅವನು ಹಾಕುವ ಗಂಟು. ಬಟ್ಟೆ ಹರಿದರೂ ಅದು ಬಿಡುವುದಿಲ್ಲವೆಂದು ಗಿರಾಕಿಗಳು ಹೊಗಳುವ ಗಂಟು. ಅದರ ಸುತ್ತ ಫ್ರಾಕಿನ ನೆಯ್ಗೆ ಜಗ್ಗಿಹೋಗಿ, ಅಕ್ಕಿಕಾಳಿನಷ್ಟು ಹರಿದಿತ್ತು.

ಮಂಚದ ಅಂಚಿಗೆ ಕೂತ. ಮೂರು ವಾರ ನೆಚ್ಚಿಕೊಂಡ ವಾದ ಕೈಯಲ್ಲೇ ಸತ್ತುಬಿದ್ದಿತ್ತು. ಮರೆವಿನಿಂದ ಹಾಕಿದೆ ಎನ್ನಲೂ ಆಗದು. ಇಪ್ಪತ್ತೆರಡು ವರ್ಷದಲ್ಲಿ ಯಾವ ಗಿರಾಕಿಯ ಬಟ್ಟೆಗೂ ಮರೆಯದ ಕೈ ಅದು. ಬಾಯಿ ನಗುನಗುತ್ತ ಆಟ ಆಡುತ್ತಿದ್ದಾಗ ಕೈ ಮಾತ್ರ ತನ್ನ ಮನಸ್ಸಿನಲ್ಲಿದ್ದದ್ದನ್ನು ಮಾಡಿ ಮುಗಿಸಿತ್ತು. ಏಳಬೇಡ ಎಂದಿತ್ತು. ಆ ಪುಟ್ಟ ಕೈಗಳು ಕತ್ತಲಲ್ಲಿ ಈ ಗಂಟಿನ ಮೇಲೆ ಎಷ್ಟು ಹೊತ್ತು ಹೆಣಗಿದವೋ. ಆಮೇಲೆ ಕರೆದಳು. ಅವನು ಜೋರಾಗಿ ತುಳಿದ.

ಸಂಜೆಯವರೆಗೆ ಅವನು ಬಟ್ಟೆ ಸೀಳಲಿಲ್ಲ. ಹೆಂಡತಿಗೆ ಹೇಳಬೇಕು ಎಂದುಕೊಂಡ. ಕಾಫಿ ಕುಡಿಯುವಾಗ ಹೇಳುತ್ತೇನೆಂದ, ಊಟಕ್ಕೆ ಕೂತಾಗ ಎಂದ. ಎರಡೂ ಮುಗಿದವು. ಎಂಟೂವರೆಗೆ ಬಾಬಿನ್ ಹೋಗಿ ಮಲಗಿದಳು, ಎಂದಿನಂತೆ ನೆಟ್ಟಗೆ. ಹೆಂಡತಿ ಅಂಗಡಿಯ ಕೋಣೆಯಲ್ಲಿ ಪರದೆಗೆ ಬೆನ್ನು ಹಾಕಿ ಕೂತು ಬಟಾಣಿ ಸುಲಿಯುತ್ತಿದ್ದಳು. ಅಷ್ಟರಲ್ಲಿ ಮಹಡಿ ಮನೆಯಾಕೆ ರವಿಕೆಯ ತುಂಡು ಹಿಡಿದು ಇಳಿದು ಬಂದಳು. ಅವಳ ಮಗನಿಗೆ ನಾಲ್ಕು ವರ್ಷ. ರಾತ್ರಿ ಹನ್ನೊಂದಾದರೂ ಮಹಡಿಯ ನೆಲ ದಡದಡ ಎನ್ನುತ್ತಿರುತ್ತದೆ.

"ರವಿಕೆ ನೆಪ ಅಷ್ಟೇ ಟೇಲರಣ್ಣಾ. ಇವತ್ತು ನಿಮ್ಮ ಗುಟ್ಟು ಕೇಳ್ಕೊಂಡೇ ನಾನು ಮೆಟ್ಟಿಲು ಹತ್ತೋದು. ಮಲಗಿಸ್ತೀನಿ ಅಂತ ಹೋದ ನಮ್ಮನೆಯವರು ತಾವೇ ಮಲಗಿದಾರೆ. ಮಗರಾಯ ಅವರ ಹೊಟ್ಟೆ ಮೇಲೆ ಕುದುರೆ ಓಡಿಸ್ತಿದಾನೆ."

"ಗುಟ್ಟೇನಿಲ್ಲ ಅಕ್ಕಾ," ಎಂದಳು ಹೆಂಡತಿ. "ನಾವು ಮನಸ್ಸು ಗಟ್ಟಿ ಮಾಡ್ಕೋಬೇಕು. ಇವರ ಕೈಲಿ ಆಗಲ್ಲ ಅಂದ್ಕೊಂಡಿದ್ದೆ. ಇವರದು ಬೆಣ್ಣೆಯಂಥ ಮನಸ್ಸು. ಹೇಗೆ ಸಾಧಿಸಿದ್ರೋ."

"ಹೊಲಿದುಬಿಟ್ಟೆ," ಎಂದ ಅವನು.

ಮಹಡಿ ಮನೆಯಾಕೆ ಜೋರಾಗಿ ನಕ್ಕಳು. "ಹಾಗಾದ್ರೆ ನಮ್ಮವನನ್ನೂ ಹೊಲಿದುಕೊಡಿ. ಬಾಯಿಗೂ ಎರಡು ಹೊಲಿಗೆ ಇರ್ಲಿ."

ಹೆಂಡತಿಯೂ ನಕ್ಕಳು. ಆ ನಗುವಿನ ಜೊತೆ ಸೇರಿಕೊಂಡು ತಾನೂ ನಕ್ಕುಬಿಟ್ಟರೆ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು. ಎದ್ದು, ಮಧ್ಯಾಹ್ನವೇ ಮೇಜಿನ ಖಾನೆಗೆ ತಂದಿಟ್ಟಿದ್ದ ಫ್ರಾಕು ತೆಗೆದು ದೀಪದ ಕೆಳಗೆ ಹರಡಿದ.

"ತಮಾಷೆ ಅಲ್ಲ. ಇಲ್ಲಿ ನೋಡು. ಇದನ್ನ ಹಾಸಿಗೆಗೆ ಸೇರಿಸಿ ಹೊಲಿದೆ. ಬ್ಯಾಂಡಿನವರ ಕೋಟು ಕೊಡೋ ಹಿಂದಿನ ದಿನ."

ಹೆಂಡತಿ ಬಟಾಣಿಯ ಬೆರಳನ್ನು ಸೀರೆಗೆ ಒರೆಸಿಕೊಂಡು ಬಗ್ಗಿದಳು. ಗಾಯದ ಹೊಲಿಗೆ ನೋಡಿ ಅಭ್ಯಾಸವಾದ ಕಣ್ಣು. ಗಂಟು ಕಂಡಿತು, ಗಂಟಿನ ಸುತ್ತಲಿನ ಹರುಕು ಕಂಡಿತು. ಆ ಹರುಕಿನ ಮೇಲೆ ಬೆರಳಿಟ್ಟಳು, ತೆಗೆಯಲಿಲ್ಲ.

"ನೀರು ಚೆಲ್ತು ಅಂದ್ರಿ."

"ನೀರಲ್ಲ."

"ಅವಳೂ ನೀರು ಅಂದ್ಲು."

"ನನ್ನ ಮುಖ ನೋಡಿ ಅಂದ್ಲು."

ಮಹಡಿ ಮನೆಯಾಕೆ ತುಂಡನ್ನು ಮಡಿಸುತ್ತ "ನಾನು ನಾಳೆ ಬರ್ತೀನಿ ಸಿಸ್ಟರ್" ಎಂದಳು, ಆದರೆ ನಿಂತಲ್ಲಿಂದ ಕದಲಲಿಲ್ಲ.

"ಎಷ್ಟು ಹೊತ್ತು?" ಎಂದಳು ಹೆಂಡತಿ. ಆಸ್ಪತ್ರೆಯಲ್ಲಿ ರೋಗಿಯ ಕಡೆಯವರನ್ನು ಕೇಳುವ ದನಿ ಅದು.

"ಮುಕ್ಕಾಲು ಗಂಟೆ. ಜಾಸ್ತಿನೇ ಇರ್ಬೇಕು."

"ಮಗು ಕೂಗ್ಲಿಲ್ವಾ?"

"ಮೂರು ಸಲ."

"ಮಷೀನ್ ಸದ್ದಿಗೆ ನಿಮಗೆ ಕೇಳಿಸ್ಲಿಲ್ಲ." ಅವಳು ಪ್ರಶ್ನೆ ಕೇಳುತ್ತಿರಲಿಲ್ಲ, ತಾನೇ ಒಂದು ಬಾಗಿಲು ತೆರೆದು ಹಿಡಿದಿದ್ದಳು. ಹನ್ನೆರಡು ವರ್ಷ ಜೊತೆಯಲ್ಲಿ ಬಾಳಿದವಳು. ಅವನು ಆ ಬಾಗಿಲಲ್ಲಿ ನುಸುಳಿಕೊಳ್ಳಲಿ ಎಂದು ಅವಳ ಕಣ್ಣು ಬೇಡುತ್ತಿತ್ತು.

"ಕೇಳಿಸ್ತು," ಎಂದ.

ತಟ್ಟೆಯಿಂದ ಒಂದು ಬಟಾಣಿ ಉರುಳಿ ನೆಲದ ಮೇಲೆ ಓಡಿತು.

"ಕೇಳಿಸ್ತು ಅಂತೀರಾ? ಕೇಳಿಸಿದ ಮೇಲೂ ಕೂತ್ಕೊಂಡಿದ್ರಾ? ಆಸ್ಪತ್ರೆಲಿ ಪರರ ಮಕ್ಕಳು ಒಂದು ಸಲ ಮಿಸುಕಿದ್ರೆ ನಾನು ಓಡ್ತೀನಿ. ನನ್ನ ಮಗಳು ಇಲ್ಲಿ..." ಅವಳ ದನಿ ಒಡೆಯಿತು. ಸಾವರಿಸಿಕೊಂಡು ಮತ್ತೆ ಹಿಡಿದಳು. "ಯಾಕೆ ರೀ ಹೋಗ್ಲಿಲ್ಲ? ಏನು ಬಂದಿತ್ತು ನಿಮಗೆ? ಅದನ್ನ ಹೇಳಿ ನನಗೆ."

ಹೇಳಬೇಕೆಂದು ಅವನು ಬಾಯಿ ತೆರೆದ. ಆಗ ಒಳಗೆ ಮಂಚ ಟಕ್ಕೆಂದಿತು.

ಹೆಂಡತಿಗೆ ಅದು ಕೇಳಿಸಲಿಲ್ಲ, ಮಹಡಿ ಮನೆಯಾಕೆಗೂ ಇಲ್ಲ. ಅವನು ಪರದೆಯ ಕಡೆ ನೋಡಿದ. ಮೋಟು ಅಂಚಿನ ಕೆಳಗೆ ಎರಡು ಪಾದ ಬಂದು ನಿಂತಿದ್ದವು. ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಒಂದರ ಹೆಬ್ಬೆರಳು ಇನ್ನೊಂದರ ಮೇಲೆ ಹತ್ತಿ ಕೂತಿತ್ತು.

"ನಿಮ್ಮನ್ನೇ ಕೇಳ್ತಿರೋದು ನಾನು," ಎಂದಳು ಹೆಂಡತಿ. "ಎಲ್ಲಿಗೆ ಹೊರಟ್ರಿ? ಮಾತು ಮುಗೀಲಿಲ್ಲ ಇನ್ನೂ..."

ಅವನು ಮೇಜನ್ನು ಬಳಸಿಕೊಂಡು, ಕೊರಳಿನ ಟೇಪು ಜಾರಿ ನೆಲಕ್ಕೆ ಬಿದ್ದದ್ದನ್ನೂ ನೋಡದೆ, ಪರದೆಯತ್ತ ನಡೆದುಹೋದ.